ದೀಪದ ಹೊತ್ತಿಗೆ ಮಲಗಿದ ಏಣಿ

ಗಿರಿಜಾದೇವಿ ಏಣಿಯ ಮೇಲಿಂದ ಏಳಲಿಲ್ಲ.

ಮಹಡಿಯ ಮೊಗಸಾಲೆಯಲ್ಲಿ ಗೋಡೆಯುದ್ದಕ್ಕೂ ಮಲಗಿದ್ದ ಹಳೆಯ ಬಿದಿರೇಣಿ. ಅದರ ನಟ್ಟನಡುವೆ, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಅವಳು ಮಧ್ಯಾಹ್ನದಿಂದ ಕೂತೇ ಇದ್ದಳು. ಎದುರಿಗೆ ಗಾರೆ ತುಂಬಿದ ಬಾಂಡಲಿ ಹಿಡಿದ ಮೇಸ್ತ್ರಿ. ಅವನ ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಹೊಚ್ಚಹೊಸ ಕಬ್ಬಿಣದ ಏಣಿ, ಬಳಿದ ಕೆಂಪು ಬಣ್ಣ ಇನ್ನೂ ಆರಿರಲಿಲ್ಲ. ಇಬ್ಬರ ಹಿಂದೆ ಮನೆಯ ಮಾಲೀಕ ಚಿಕ್ಕಬೈರಪ್ಪ, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಿಂತಿದ್ದ.

"ಏಳಿ ಗಿರಿಜಮ್ಮ. ಗಾರೆ ಗಟ್ಟಿಯಾಗ್ತಾ ಐತೆ."

"ಆಗ್ಲಿ."

"ಆ ಹಳೇ ಬಿದಿರು ಇಟ್ಕೊಂಡು ಏನ್ಮಾಡ್ತೀರಿ? ಒಲೆಗೆ ಹಾಕಿದ್ರೂ ಬರೀ ಹೊಗೆ."

"ಇನ್‌ಸ್ಪೆಕ್ಟರ್ ಬಂದು ನೋಡೋವರ್ಗೂ ಇದು ಇಲ್ಲಿಂದ ಅಲ್ಲಾಡಬಾರ್ದು ಬೈರಪ್ಪನೋರೇ. ನೀವು ಎತ್ತಬೇಕು ಅಂದ್ರೆ ನನ್ನೂ ಸೇರಿಸಿ ಎತ್ತಿ."

ಮೇಸ್ತ್ರಿ ಬಾಂಡಲಿಯನ್ನು ಕೆಳಗಿಟ್ಟು, "ಅದಾಗಲ್ಲ ಬಿಡಿ ಗೌಡ್ರೇ," ಎಂದು ಬೀಡಿ ಹುಡುಕತೊಡಗಿದ.

ಓವರ್‌ಸಿಯರ್ ಶಾಮಣ್ಣನ ಹೆಣ ಈ ಮನೆಯ ಹಿತ್ತಿಲಲ್ಲಿ ಸಿಕ್ಕಿ ವಾರವಾಗಿತ್ತು; ಕೊಂದವನು ಎಂದು ಗಿರಿಜಾದೇವಿಯ ಗಂಡ ಗುರುಶಾಂತಪ್ಪ ಠಾಣೆಯ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ ಅವನನ್ನು ಮತ್ತೆ ಕೋರ್ಟಿಗೆ ಕರೆದೊಯ್ದರೆ, ಅಲ್ಲಿಂದ ಜೈಲು. ಜೈಲಿನ ಆಚೆಗೆ ಏನಿದೆ ಎಂಬುದನ್ನು ಅವಳ ಮನಸ್ಸು ನೆನೆಯುವುದಕ್ಕೂ ಒಪ್ಪುತ್ತಿರಲಿಲ್ಲ.

ಅವಳು ತಲೆಯೆತ್ತಿ ಮೇಲೆ ನೋಡಿದಳು. ಮೊಗಸಾಲೆಯ ಸೂರಿನಲ್ಲಿ ಚೌಕಾಕಾರದ ಕಿಂಡಿ. ಅದಕ್ಕೊಂದು ತಗಡಿನ ಮುಚ್ಚಳ. ತಾರಸಿಗೆ ಹೋಗಲು ಆ ಮನೆಯಲ್ಲಿ ಅದೊಂದೇ ದಾರಿ.

ಜಯನಗರದ ಬಡಾವಣೆಗೆ ಬೈರಸಂದ್ರದ ಹೊಲ ಹೋದ ಮೇಲೆ, ಬಂದ ಪರಿಹಾರದಲ್ಲಿ ಚಿಕ್ಕಬೈರಪ್ಪ ಈ ಮಹಡಿ ಮನೆ ಕಟ್ಟಿಸಿದ್ದ. ಕೆಳಗೆ ತನ್ನ ಸಂಸಾರ, ಮೇಲೆ ಬಾಡಿಗೆಯವರು. ಮಹಡಿಯವರೆಗೆ ಮೆಟ್ಟಿಲು ಕಟ್ಟಿಸಿದವನು ತಾರಸಿಗೆ ಕಟ್ಟಿಸಲಿಲ್ಲ; ಆ ಜಾಗದಲ್ಲಿ ಇನ್ನೊಂದು ಕೋಣೆಯೇ ಬರುತ್ತದಲ್ಲ ಎಂದು ಲೆಕ್ಕ ಹಾಕಿದ್ದ. ಮೆಟ್ಟಿಲಿಲ್ಲದ ತಾರಸಿಗೆ ಗೋಡೆಗೆ ಕಚ್ಚಿಸಿದ ಕಬ್ಬಿಣದ ಏಣಿ ಇರಬೇಕು, ಅದರ ತುದಿ ಕಿಂಡಿಯನ್ನೂ ದಾಟಿ ಮೇಲಕ್ಕೆ ಚಾಚಿರಬೇಕು, ಹತ್ತಿದವನಿಗೂ ಇಳಿಯುವವನಿಗೂ ಹಿಡಿದುಕೊಳ್ಳಲು ಆಸರೆ ಇರಬೇಕು. ನಿಯಮ ಅದು. ನಕ್ಷೆಯಲ್ಲಿ ಎಲ್ಲವೂ ಇತ್ತು. ಗೋಡೆಯಲ್ಲಿ ಮಾತ್ರ ಏನೂ ಇರಲಿಲ್ಲ. ಊರಿನ ಹಳೇ ಮನೆಯ ಅಟ್ಟಕ್ಕೆ ಹಾಕುತ್ತಿದ್ದ ಬಿದಿರೇಣಿಯನ್ನೇ ತಂದು ಕಿಂಡಿಗೆ ಆನಿಸಿದ್ದರು. ಕಾರ್ಪೊರೇಷನ್ನಿನ ತಪಾಸಣೆಗೆ ಶಾಮಣ್ಣ ಬಂದು, ನೋಡಿ, ಮನೆ ಸರಿಯಿದೆ ಎಂದು ಒಪ್ಪಿಗೆ ಕೊಟ್ಟು ಹೋಗಿದ್ದ.

ಆ ಏಣಿಯಿಂದಲೇ ಗಿರಿಜಾದೇವಿ ಬಿದ್ದದ್ದು. ಮಾಘದ ಬಿಸಿಲಿನಲ್ಲಿ ಹಪ್ಪಳ ಒಣಹಾಕಿ ಇಳಿಯುತ್ತಿದ್ದಾಗ, ಕಿಂಡಿಯ ಅಂಚಿನಲ್ಲಿ ಹಿಡಿಯಲು ಏನಾದರೂ ಸಿಕ್ಕೀತೆಂದು ಚಾಚಿದ ಕೈಗೆ ಗಾಳಿಯ ಹೊರತು ಇನ್ನೇನೂ ಸಿಗಲಿಲ್ಲ. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ.

ಆಮೇಲೆ ಒಂದು ದಿನ ಗುರುಶಾಂತಪ್ಪ ನಡುಬೀದಿಯಲ್ಲಿ ಶಾಮಣ್ಣನ ಕೊರಳಪಟ್ಟಿ ಹಿಡಿದ. ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಜೋರಾಗಿ ಮಾತಾಡಿದರೆ ಗಿರಾಕಿ ಹೋದಾನೆಂದು ಅಂಜುವ ಮನುಷ್ಯ, "ನಿನ್ನನ್ನ ಅದೇ ತಾರಸಿ ಮೇಲೆ ನಿಲ್ಲಿಸ್ತೀನಿ, ನೀನೇ ಇಳಿದು ತೋರಿಸು," ಎಂದು ಹೋಟೆಲಿನವರೆಲ್ಲ ಹೊರಬಂದು ನೋಡುವಂತೆ ಕೂಗಿದ್ದ.

ಪೊಲೀಸರಿಗೆ ಅಷ್ಟು ಸಾಕಾಯಿತು.

* * *

"ತಳ್ಳಿಸ್ಕೊಂಡೋನು ಪೈಪನ್ನ ತಬ್ಬಿಕೊಳ್ಳಲ್ಲ ತಾಯಿ," ಎಂದಿದ್ದ ತಿರುಮಲೇಶ, ಗಂಡನನ್ನು ಬಿಡಿಸಲು ಅವಳು ಗೊತ್ತುಮಾಡಿದ್ದ ಪತ್ತೇದಾರ, ನಿನ್ನೆ.

ಪತ್ತೇದಾರ ಎಂದರೆ ಉದ್ದ ಕೋಟು, ಹದ್ದಿನ ಕಣ್ಣು ಎಂದುಕೊಂಡಿದ್ದ ಗಿರಿಜಾದೇವಿಗೆ ಅವನನ್ನು ಮೊದಲ ಸಲ ನೋಡಿದಾಗ ಅಳುವೇ ಬಂದಿತ್ತು. ತೆಳ್ಳಗಿನ ಆಳು, ನೆಗಡಿ ಹಿಡಿದ ಮೂಗು, ಕಂಕುಳಲ್ಲಿ ಕೊಡೆ. ಮಾತಿನ ನಡುವೆ ಬಾಯಿಗೊಂದು ಲವಂಗ. ಆದರೆ ಅವನು ಹಿತ್ತಿಲಲ್ಲಿ ಮಂಡಿಯೂರಿ ಅರ್ಧ ದಿನ ಕಳೆದ. ಮಳೆನೀರಿನ ಪೈಪಿನ ಮೇಲ್ಗಡೆಯ ಹಿಡಿ ಗೋಡೆಯಿಂದ ಕಿತ್ತು ಬಂದಿದ್ದನ್ನು ತೋರಿಸಿದ. ಶಾಮಣ್ಣನ ಅಂಗೈಗಳಲ್ಲಿ ತುಕ್ಕು, ಷರಟಿನ ಎದೆಯ ಮೇಲೆ ಸುಣ್ಣ ಹತ್ತಿತ್ತೆಂದು ಆಸ್ಪತ್ರೆಯವರಿಂದ ತಿಳಿದುಕೊಂಡು ಬಂದ.

"ಅವನು ಪೈಪು ಹಿಡಿದು ಇಳಿಯೋಕೆ ನೋಡಿದಾನೆ. ಹಿಡಿ ಕಿತ್ತುಬಂತು, ಬಿದ್ದ. ಆದ್ರೆ ಇನ್‌ಸ್ಪೆಕ್ಟರ್ ಬದರಿನಾಥ ಒಂದು ಮಾತು ಕೇಳ್ತಾರೆ. ಕಿಂಡಿ ಇತ್ತು, ಕಿಂಡಿಗೆ ಏಣಿ ಇತ್ತು. ಅದನ್ನ ಬಿಟ್ಟು ಪೈಪು ಹಿಡಿಯೋಕೆ ಅವನಿಗೇನು ಹುಚ್ಚಾ? ನಿಮ್ಮ ಯಜಮಾನ್ರು ಅಟ್ಟಿಸ್ಕೊಂಡು ಬಂದಿರ್ಬೇಕು ಅಂತಾರೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ."

ಉತ್ತರ ಇವತ್ತು ಮಧ್ಯಾಹ್ನ ಸಿಕ್ಕಿತ್ತು. ಕೊಟ್ಟವನು ಏನೂ ಅರಿಯದ ಈ ಮೇಸ್ತ್ರಿ. ಕಬ್ಬಿಣದ ಏಣಿಯನ್ನು ಹೆಗಲ ಮೇಲೆ ಹೊತ್ತು ಬಂದವನು, ಇವತ್ತು ಬೆಳಿಗ್ಗೆ ಯಾರೂ ಎತ್ತದೆ ಬಿಟ್ಟಿದ್ದ ಬಿದಿರೇಣಿಯನ್ನು ಎಡವಿ, "ಥತ್, ಇದ್ಯಾಕಮ್ಮ ಇಲ್ಲಿ ಮಲ್ಗೈತೆ?" ಎಂದು ಗೊಣಗಿದ್ದ.

"ದೀಪ ಹಚ್ಚೋ ಹೊತ್ತಿಗೆ ಮಲಗಿಸ್ತಾರಪ್ಪ, ಬೆಳಿಗ್ಗೆ ಎತ್ತಿ…"

ಮಾತು ಬಾಯಲ್ಲೇ ನಿಂತಿತು. ಗಿರಿಜಾದೇವಿ ಹಾಗೇ ಏಣಿಯ ಮೇಲೆ ಕುಸಿದು ಕೂತಳು. ಓಡಿಹೋಗಿ ತಿರುಮಲೇಶನಿಗೆ ಹೇಳುವಂತೆ ಎದುರುಮನೆಯವರನ್ನು ಕೂಗಿ ಕಳಿಸಿದವಳು, ಅಲ್ಲಿಂದ ಕದಲಲಿಲ್ಲ.

ಚಿಕ್ಕಬೈರಪ್ಪನ ತಾಯಿ ಸೊಣ್ಣಮ್ಮನ ಪದ್ಧತಿ ಅದು. ಹೊತ್ತು ಮುಳುಗಿದ ಮೇಲೆ ಮನೆಯೊಳಗೆ ಏಣಿ ನಿಂತಿರಬಾರದು. ನಿಂತಿದ್ದರೆ ಮೇಲಿಂದ ಯಾರೋ ಇಳಿದು ಬರುತ್ತಾರೆ. ಯಾರು ಎಂದು ಅಜ್ಜಿಗೂ ಗೊತ್ತಿರಲಿಲ್ಲ, ಅಜ್ಜಿಯ ಅತ್ತೆಗೂ ಗೊತ್ತಿರಲಿಲ್ಲವಂತೆ. ಹೆಂಚಿನ ಮನೆ ಹೋಗಿ ತಾರಸಿ ಮನೆ ಬಂದರೂ, ಆ ಇಳಿದು ಬರುವವರು ಮಾತ್ರ ಸೊಣ್ಣಮ್ಮನನ್ನು ಬಿಟ್ಟಿರಲಿಲ್ಲ. ದಿನವೂ ದೇವರಿಗೆ ದೀಪ ಹಚ್ಚಿ, ಮೆಟ್ಟಿಲು ಹತ್ತಿ ಬಂದು, ಏಣಿಯನ್ನು ಗೋಡೆಗೆ ಒರಗಿಸಿಕೊಂಡೇ ಮೆಲ್ಲಗೆ ಜಾರಿಸಿ ಮಲಗಿಸಿ, ಅದಕ್ಕೊಂದು ಕೈ ಮುಗಿದು ಹೋಗುತ್ತಿದ್ದಳು. ಮೊದಮೊದಲು ಗಿರಿಜಾದೇವಿಗೆ ನಗು ಬರುತ್ತಿತ್ತು. ಆಮೇಲೆ ಅದು ಕಣ್ಣಿಗೆ ಬೀಳುವುದೇ ನಿಂತಿತು.

ಅವಳ ಸ್ವಂತ ಅಜ್ಜಿಯ ಕತೆಗಳಲ್ಲಿ ಏಳುಪ್ಪರಿಗೆಯ ಮೇಲೆ ರಾಜಕುಮಾರಿಯರು ಇರುತ್ತಿದ್ದರು. ರಾಜಕುಮಾರ ಉಡದ ಬಾಲಕ್ಕೆ ಹಗ್ಗ ಕಟ್ಟಿಯೋ, ಹಕ್ಕಿಯ ರೆಕ್ಕೆಗೆ ಜೋತುಬಿದ್ದೋ ಹತ್ತಿಬಿಡುತ್ತಿದ್ದ. ಹೇಗೆ ಇಳಿದ ಎಂದು ಅಜ್ಜಿ ಯಾವತ್ತೂ ಹೇಳಿರಲಿಲ್ಲ. ಕೇಳುವ ಹೊತ್ತಿಗೆ ಅವಳಿಗೆ ನಿದ್ದೆ ಬಂದಿರುತ್ತಿತ್ತು.

ಶಾಮಣ್ಣ ಕಚೇರಿ ಮುಗಿಸಿ, ಯಾರಿಗೂ ಹೇಳದೆ, ಆ ಕಿಂಡಿಯನ್ನು ಇನ್ನೊಮ್ಮೆ ನೋಡಲು ಬಂದಿರಬೇಕು. ಹತ್ತಿದ. ಕೆಳಗೆ ದೀಪ ಹಚ್ಚಿದರು. ಏಣಿ ಮಲಗಿತು. ರಾಮನವಮಿ ಪೆಂಡಾಲಿನ ಧ್ವನಿವರ್ಧಕದಲ್ಲಿ ನಾಗಸ್ವರ ಮೊಳಗುತ್ತಿದ್ದಾಗ ತಾರಸಿಯ ಮೇಲಿನ ಕೂಗು ಯಾರ ಕಿವಿಗೆ ಬಿದ್ದೀತು? ಕತ್ತಲಾಯಿತು. ಪೈಪು ಹಿಡಿದ.

ಯಾರೂ ತಳ್ಳಲಿಲ್ಲ, ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ಆ ಸಂಜೆ ಮಹಡಿಯಲ್ಲಿ ಯಾರೂ ಇರಲೇ ಇಲ್ಲ. ಗುರುಶಾಂತಪ್ಪ ಅಂಗಡಿಯಿಂದ ಬಂದದ್ದು ರಾತ್ರಿ ಊಟದ ಹೊತ್ತಿಗೆ; ಅಕ್ಕ ಹರಿಕಥೆಗೆ ಹೋಗಿದ್ದಾಗ ಚಾಮರಾಜಪೇಟೆಯ ಅವಳ ಮನೆ ನೋಡಿಕೊಂಡಿದ್ದ ಗಿರಿಜಾದೇವಿ ಅವನಿಗಿಂತ ಸ್ವಲ್ಪ ಮೊದಲು ಬಂದಿದ್ದಳು. ಇಬ್ಬರೂ ಪೊಲೀಸರಿಗೆ ಹಾಗೇ ಹೇಳಿದ್ದರು. ಅಂಗಡಿಯಲ್ಲಿ ಅವನನ್ನು ಸಂಜೆ ಕಂಡವರು ಸಿಗಲಿಲ್ಲವೆಂದು ಪೊಲೀಸರು ಅದನ್ನು ನಂಬಿರಲಿಲ್ಲ.

* * *

"ಬೈರಪ್ಪನೋರೇ, ಒಂದು ಮಾತು ಹೇಳಿ. ಆವತ್ತು ಬೆಳಿಗ್ಗೆ ಪೊಲೀಸ್ನೋರು ಬಂದಾಗ ಏಣಿ ನಿಂತಿತ್ತು. ನಿಲ್ಲಿಸಿದ್ದು ಯಾರು?"

"ನಾನೇ. ಹಿತ್ಲಲ್ಲಿ ಹೆಣ ಬಿದ್ದೈತೆ ಅಂದ್ಮೇಲೆ ತಾರಸಿ ಹತ್ತಿ ನೋಡ್ಬೇಕಲ್ವಾ? ಅದ್ರಲ್ಲೇನು?"

"ಅದಕ್ಕೂ ಮುಂಚೆ ಮಲಗಿತ್ತು ಅಂತ ಹೇಳಿದ್ರಾ ಅವ್ರಿಗೆ?"

"ಕೇಳಿದ್ರೆ ತಾನೇ? ಬೆಳಿಗ್ಗೆ ಎದ್ದು ಬಾಗ್ಲು ತೆಗ್ದೆ ಅಂತಾನೂ ನಾನು ಹೇಳ್ಲಿಲ್ಲ, ಹಸು ಕರೆದೆ ಅಂತಾನೂ ಹೇಳ್ಲಿಲ್ಲ…"

 ಚಿಕ್ಕಬೈರಪ್ಪನ ಕಣ್ಣು ಏಣಿಯಿಂದ ಕಿಂಡಿಗೆ, ಕಿಂಡಿಯಿಂದ ಕೆಳಗಿನ ಮೆಟ್ಟಿಲಿಗೆ ಹೋಯಿತು. ಕೆಳಗೆ ಅಡುಗೆಮನೆಯಲ್ಲಿ ಸೊಣ್ಣಮ್ಮ ಏನನ್ನೋ ಒರಳಲ್ಲಿ ರುಬ್ಬುತ್ತಿದ್ದ ಸದ್ದು ಕೇಳುತ್ತಿತ್ತು.

"ನಮ್ಮವ್ವನ್ನ ಇದಕ್ಕೆ ಎಳೀಬೇಡಿ," ಎಂದ. ದನಿ ತಗ್ಗಿತ್ತು.

"ಎಳೀತಿಲ್ಲ. ಒಂದು ನಿಜ ಹೇಳ್ಲಿ ಅಂತಿದೀನಿ."

"ನಿಮ್ಗೆ ಅದು ಒಂದು ನಿಜ. ಪೇಪರ್ನೋರು ಬರೀತಾರೆ, ಮುದುಕಿ ಏಣಿ ತೆಗೆದು ಸರ್ಕಾರಿ ನೌಕರನ್ನ ಸಾಯಿಸಿದ್ಲು ಅಂತ. ಎಪ್ಪತ್ತು ದಾಟಿರೋ ಹೆಂಗಸನ್ನ ಠಾಣೆ ಮೆಟ್ಲು ಹತ್ತಿಸ್ತೀರಾ?"

"ನನ್ನ ಗಂಡ ಅಲ್ಲೇ ಮಲಗಿದಾರೆ, ವಾರದಿಂದ."

"ಗಿರಿಜಮ್ಮ, ಬಾಡಿಗೆ ಬಿಡಿ, ಆರು ತಿಂಗ್ಳು ಕೊಡ್ಬೇಡಿ…"

"ನಿಮ್ಮ ಏಣಿ ನನ್ನ ಮಗೂನ ತಗೊಳ್ತು," ಎಂದಳು ಗಿರಿಜಾದೇವಿ. ಅವಳು ಕೂಗಲಿಲ್ಲ. "ಆಗ ನಾನು ನಿಮ್ಮನ್ನ ಏನಾದ್ರೂ ಅಂದ್ನಾ? ಒಂದು ಮಾತು? ಇವತ್ತು ಕೇಳ್ತಿದೀನಿ. ಅವರೊಬ್ಬರನ್ನಾದ್ರೂ ಉಳಿಸಿಕೊಡಿ."

ಚಿಕ್ಕಬೈರಪ್ಪ ಗೋಡೆ ನೋಡಿದ. ಮೇಸ್ತ್ರಿ ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಗಾರೆಯ ಬಾಂಡಲಿಯನ್ನು ಅಲ್ಲೇ ಬಿಟ್ಟು, ಮೆಲ್ಲಗೆ ಕೆಳಗಿಳಿದು ಹೋದ.

ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಬೂಟಿನ ಸದ್ದಾಯಿತು.

* * *

ಇನ್‌ಸ್ಪೆಕ್ಟರ್ ಬದರಿನಾಥ ಮೇಲೆ ಬಂದವನೇ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಅವನ ಹಿಂದೆ ಏದುಸಿರು ಬಿಡುತ್ತ ತಿರುಮಲೇಶ. ಸೊಣ್ಣಮ್ಮನನ್ನು ಕೈಹಿಡಿದು ಹತ್ತಿಸಿಕೊಂಡು ಬಂದಿದ್ದ. ಅಜ್ಜಿಯ ಬೆರಳುಗಳಲ್ಲಿ ಇನ್ನೂ ರುಬ್ಬಿದ ಹಿಟ್ಟಿತ್ತು.

"ನನ್ಯಾಕಪ್ಪ ಕರೆಸ್ದೆ, ಅಲ್ಲಿ ಹಿಟ್ಟು ಅರ್ಧಕ್ಕೇ ಬಿಟ್ಟು ಬಂದೀನಿ," ಎಂದು ಮಗನನ್ನು ಕೇಳಿದಳು. 

"ಹೇಳಿ ತಿರುಮಲೇಶ," ಎಂದ ಬದರಿನಾಥ. "ಆಕಾಶ ಕಳಚಿ ಬಿದ್ದಂಗೆ ಓಡಿ ಬಂದ್ರಿ. ನನಗೆ ಇಲ್ಲಿ ಕಾಣ್ತಿರೋದು ಒಂದು ಏಣಿ, ಅದ್ರ ಮೇಲೊಬ್ಬ ಹೆಣ್ಮಗಳು."

ತಿರುಮಲೇಶ ಲವಂಗ ಬಾಯಿಗೆ ಹಾಕಿಕೊಂಡ. "ಏಣಿ ಎಲ್ಲಿದೆ ನೋಡಿ ಸಾರ್. ಗೋಡೆ ಸುಣ್ಣದ ಮೇಲೆ ಕಿಂಡಿಯಿಂದ ನೆಲದವರೆಗೆ ಬಿಲ್ಲಿನ ಹಂಗೆ ಗೀರು ಬಿದ್ದಿದೆ ನೋಡಿ. ಒಂದು ದಿನದ್ದಲ್ಲ ಅದು. ಈ ಏಣಿ ದಿನಾ ಸಂಜೆ ಮಲಗುತ್ತೆ. ನೀವು ನೋಡಿದ ಬೆಳಿಗ್ಗೆ ಮಾತ್ರ ನಿಂತಿತ್ತು, ತಾರಸಿ ನೋಡೋಕೆ ಗೌಡ್ರೇ ಎತ್ತಿ ನಿಲ್ಲಿಸಿರ್ಬೇಕು. ಅಲ್ವಾ ಗೌಡ್ರೇ?"

ಚಿಕ್ಕಬೈರಪ್ಪ ತಲೆಯಾಡಿಸಿದ.

ಬದರಿನಾಥ ಬಗ್ಗಿ ಗೀರಿನ ಮೇಲೆ ಬೆರಳಾಡಿಸಿದ.  ಗಿರಿಜಾದೇವಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನಿನ ಬಟ್ಟೆಯ ಒಂದೊಂದು ಮಡಿಕೆಯಲ್ಲೂ ಅವಳು ತನ್ನ ಗಂಡನ ಹಣೆಬರಹ ಹುಡುಕಿದಳು.

ಅವನು ಎದ್ದು ನಿಂತಾಗ ದನಿ ಬದಲಾಗಿತ್ತು. "ಇದನ್ನ ಯಾರೂ ನನಗೆ ಹೇಳ್ಲಿಲ್ಲ."

"ಯಾರಿಗೂ ಹೇಳ್ಬೇಕು ಅನ್ನಿಸ್ಲಿಲ್ಲ ಸಾರ್," ಎಂದಳು ಗಿರಿಜಾದೇವಿ. "ನನಗೂ ಸಹ."

"ಮಲಗಿಸೋದು ಯಾರು?"

ಎಲ್ಲರ ಕಣ್ಣೂ ಸೊಣ್ಣಮ್ಮನ ಕಡೆ ತಿರುಗಿದವು. ಮುದುಕಿ ಮಗನನ್ನು ನೋಡಿದಳು. ಮಗ ಹೌದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ಗಿರಿಜಾದೇವಿ ಏಣಿಯಿಂದ ಎದ್ದಳು. ಮರಗಟ್ಟಿದ ಕಾಲು ಅವಳ ಮಾತು ಕೇಳಲಿಲ್ಲ. ತೆವಳಿದಂತೆ ಹೋಗಿ ಅಜ್ಜಿಯ ಹಿಟ್ಟಿನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದಳು.

"ಅಜ್ಜಿ, ನಿಮ್ಮ ಮೇಲೆ ಯಾರೂ ತಪ್ಪು ಹೊರಿಸಲ್ಲ. ನೀವು ದಿನಾ ಮಾಡೋದನ್ನೇ ಮಾಡಿದ್ರಿ. ಮೇಲೆ ಯಾರಿದ್ರು ಅಂತ ನಿಮಗೇನು ಗೊತ್ತು? ಆವತ್ತು ದೀಪ ಹಚ್ಚಿದ ಮೇಲೆ ಏನು ಮಾಡಿದ್ರಿ, ಅಷ್ಟು ಹೇಳಿ. ನಿಮ್ಮ ಕಾಲು ಹಿಡೀತೀನಿ."

"ಹೌದಮ್ಮ," ಎಂದ ಬದರಿನಾಥ, ಅವನಿಗಾದಷ್ಟು ಮೆತ್ತಗೆ. "ಪದ್ಧತಿ ಪ್ರಕಾರ ಏಣಿ ತೆಗೆದಿಟ್ರೆ ಅದೇನೂ ಅಪರಾಧ ಅಲ್ಲ. ಇದ್ದದ್ದು ಇದ್ದಂಗೆ ಹೇಳಿಬಿಡಿ. ಈ ಅಮ್ಮನ ಯಜಮಾನ್ರು ನಾಳೆ ಮನೆಗೆ ಬಂದ್ರೂ ಬರಬಹುದು."

ಗಿರಿಜಾದೇವಿಗೆ ಆ ಮಾತೊಂದೇ ಕೇಳಿಸಿತು. ಮನೆಗೆ ಬರುತ್ತಾನೆ. ಬಂದವನಿಗೆ ಮೊದಲು ಬಿಸಿನೀರು ಕಾಯಿಸಬೇಕು.

ಸೊಣ್ಣಮ್ಮ ಮೂಗಿನ ಮೇಲೆ ಬೆರಳಿಟ್ಟು ಗಿರಿಜಾದೇವಿಯನ್ನೇ ನೋಡುತ್ತಿದ್ದಳು.

"ಅಲ್ಲ ಕಣವ್ವ, ಇದನ್ನ ಕೇಳೋಕಾ ಇಷ್ಟೊಂದು ಜನ? ನಾನು ಯಾವಾಗ್ಲೂ ನಾನೇ ಮಲಗಿಸ್ತೀನಿ, ಇಲ್ಲ ಅನ್ನಲ್ಲ. ಆದ್ರೆ ಆವತ್ತು ಮಲಗಿಸ್ಲಿಲ್ಲ."

"ಅಜ್ಜಿ…"

"ಸುಮ್ಕಿರು, ಹೇಳ್ತೀನಿ. ದೀಪ ಹಚ್ಚಿ ಎಂದಿನಂಗೆ ಬಂದೆ. ಕೆಳಗಡೆ ಮೆಟ್ಲ ಹತ್ರ ನಿಂತು ತಲೆ ಎತ್ತಿ ನೋಡಿದ್ರೆ, ಇಲ್ಲಿ ಆಗ್ಲೇ ಏಣಿ ಇಳಿಸ್ತಾ ಇದ್ರು. ಓಹೋ, ಮುದುಕಿಗೆ ಯಾಕೆ ತ್ರಾಸು ಅಂತ ಇವ್ರೇ ಮಾಡ್ತಾವ್ರೆ ಅಂದ್ಕೊಂಡು, ಒಳ್ಳೇ ಮಕ್ಕಳು ಅಂದ್ಕೊಂಡು, ಹಂಗೇ ಒಳಗೆ ಹೋದೆ."

"ಇವ್ರೇ ಅಂದ್ರೆ ಯಾರು?" ಬದರಿನಾಥನ ಪ್ರಶ್ನೆ ಥಟ್ಟನೆ ಬಂತು.

"ಇನ್ಯಾರಪ್ಪ, ಇವಳ ಗಂಡ. ಒಂದು ತುದಿ ಹಿಡ್ಕೊಂಡಿದ್ದ."

 ತಿರುಮಲೇಶನ ದವಡೆಯಲ್ಲಿ ಲವಂಗ ಅಲ್ಲೇ ನಿಂತಿತು.

ದೀಪದ ಹೊತ್ತಿಗೆ ಗುರುಶಾಂತಪ್ಪ ಇಲ್ಲಿದ್ದ. ಚಿಕ್ಕಪೇಟೆಯಲ್ಲಲ್ಲ, ಇಲ್ಲಿ, ಈ ಕಿಂಡಿಯ ಕೆಳಗೆ. ಪೊಲೀಸರಿಗೆ ಹೇಳಲಿಲ್ಲ, ಹೋಗಲಿ, ಹೆಂಡತಿಗೂ ಹೇಳಲಿಲ್ಲ. ಅದೇ ರಾತ್ರಿ ಅವಳು ಬಡಿಸಿದ ಮುದ್ದೆಯನ್ನು ಮುರಿಯುತ್ತ, ಅಂಗಡಿಯಲ್ಲಿ ಇವತ್ತು ಗಿರಾಕಿಗಳ ಕಾಟ ಎಂದಿದ್ದ.

"ಅವರನ್ನ ಸರಿಯಾಗಿ ನೋಡಿದ್ರಾ ಅಮ್ಮ?" ಬದರಿನಾಥ ಕೇಳಿದ. "ಕೆಳಗಿಂದ, ಮಬ್ಬಲ್ಲಿ?"

"ಅವನ ಕೆಮ್ಮು ಗೊತ್ತಿಲ್ವಾ ನಂಗೆ? ದಿನಾ ಕೇಳ್ತೀನಿ." ಮುದುಕಿಗೆ ತನ್ನನ್ನು ನಂಬಲಿಲ್ಲವೆಂದು ಸಿಟ್ಟು ಬಂದಿತ್ತು. ಗಿರಿಜಾದೇವಿಯ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. "ನೀನೇ ಹೇಳವ್ವ. ನೀನೇ ಅಲ್ವಾ ಇನ್ನೊಂದು ತುದಿ ಹಿಡ್ಕೊಂಡಿದ್ದು? ತಲೆ ತುಂಬಾ ಸೆರಗು ಹೊದ್ದಿದ್ದೆ. ಗೋಡೆಗೆ ತಾಗ್ಬಾರ್ದು ಅಂತ ಮೆಲ್ಲಗೆ, ಮೆಲ್ಲಗೆ ಅಂತ ಅವನಿಗೆ ಹೇಳ್ತಾ ಇದ್ದೆ."

ಗಿರಿಜಾದೇವಿ ಅಜ್ಜಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಒಬ್ಬ ಹೆಂಗಸು. ತನ್ನ ಮನೆಯ ಬಾಗಿಲಲ್ಲಿ, ತನ್ನ ಗಂಡನ ಜೊತೆ, ತಾನಿಲ್ಲದ ಹೊತ್ತಿನಲ್ಲಿ. ಯಾರು ಎಂಬ ಪ್ರಶ್ನೆ ಉರಿವ ಕೊಳ್ಳಿಯಂತೆ ನೆತ್ತಿಗೇರಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅದು ತಣ್ಣಗಿತ್ತು, ಆದ್ದರಿಂದ ಇನ್ನೂ ಭಯಂಕರವಾಗಿತ್ತು.

ಯಾರೋ ಗೊತ್ತಿಲ್ಲದ ಹೆಂಗಸಿನ ಜೊತೆ ಗುಟ್ಟಾಗಿ ಬಂದು ಏಣಿ ತೆಗೆದವನು, ಮೇಲೆ ಶಾಮಣ್ಣ ಇದ್ದಾನೆಂದು ತಿಳಿದೇ ತೆಗೆದವನು. ಅದಕ್ಕೆ ಒಂದೇ ಹೆಸರು. ಆದರೆ ಗಂಡ ಹೆಂಡತಿ ಇಬ್ಬರೂ ಸೇರಿ, ಮುದುಕಿಗೆ ತ್ರಾಸಾಗಬಾರದೆಂದು, ದೀಪದ ಹೊತ್ತಿಗೆ ಮನೆಯ ಪದ್ಧತಿಯಂತೆ ಏಣಿ ಮಲಗಿಸಿದರೆ?

"ಗಿರಿಜಾದೇವಿಯವರೇ," ಎಂದ ಬದರಿನಾಥ. "ಅಜ್ಜಿ ಹೇಳೋದು ನಿಜಾನಾ?"

"ಹೌದು ಸಾರ್."

ತಿರುಮಲೇಶ ಗಕ್ಕನೆ ತಲೆಯೆತ್ತಿದ.

"ನಾನೇ," ಎಂದಳು ಗಿರಿಜಾದೇವಿ.  "ನಾವಿಬ್ರೂ ಸೇರಿ ಮಲಗಿಸಿದ್ವಿ. ಮೇಲೆ ಯಾರಾದ್ರೂ ಇದ್ದಾರೆ ಅಂತ ನಮಗೆ ಗೊತ್ತಿರ್ಲಿಲ್ಲ. ಬೆಳಿಗ್ಗೆ ಹೆಣ ಸಿಕ್ಕಿದ ಮೇಲೆ ಹೆದರಿಕೆ ಆಯ್ತು. ಅದಕ್ಕೆ ಸುಳ್ಳು ಹೇಳಿದ್ವಿ."

"ಹಾಗಾದ್ರೆ ಇಷ್ಟು ಹೊತ್ತು ಅಜ್ಜಿ ಮಲಗಿಸಿದ್ರು ಅಂತ ಯಾಕೆ ಹೇಳಿಸೋಕೆ ನೋಡಿದ್ರಿ?"

 ಚಿಕ್ಕಬೈರಪ್ಪ ಮುಂದೆ ಬಂದು ತಾಯಿಯ ಕೈಯನ್ನು ಅವಳ ಕೈಯಿಂದ ಬಿಡಿಸಿಕೊಂಡ.

ಬದರಿನಾಥ ಟೋಪಿಯನ್ನು ತಲೆಗಿಟ್ಟುಕೊಂಡ. "ಕೂಸು ಕಳ್ಕೊಂಡೋರು ನೀವು. ಅವರು ಅವನ ಕೊರಳಪಟ್ಟಿ ಹಿಡಿದಿದ್ದು ನಿಮಗೋಸ್ಕರ. ಈಗ ಏಣಿಯ ಇನ್ನೊಂದು ತುದಿ ನನ್ನ ಕೈಲಿತ್ತು ಅಂತೀರಿ. ಈ ಮಾತಿಂದ ಏನಾಗುತ್ತೆ ಅಂತ ಗೊತ್ತಾ ನಿಮಗೆ? ಲಾಕಪ್ಪಿಂದ ಒಬ್ಬರು ಹೊರಗೆ ಬರಲ್ಲ, ಇನ್ನೊಬ್ಬರು ಒಳಗೆ ಹೋಗ್ತಾರೆ."

"ಗೊತ್ತು ಸಾರ್," ಎಂದಳು. ಗೊತ್ತಿರಲಿಲ್ಲ.

ಅವನು ಅವಳನ್ನು ಬಿಟ್ಟು ಪತ್ತೇದಾರನ ಕಡೆ ತಿರುಗಿದ.

"ತಿರುಮಲೇಶ, ಮೊನ್ನೆ ಚಾಮರಾಜಪೇಟೆಗೆ ಹೋಗಿ ಇವರ ಅಕ್ಕನ್ನ, ಅಕ್ಕಪಕ್ಕದೋರನ್ನ ಎಲ್ಲಾ ವಿಚಾರಿಸಿ ಬಂದೋರು ನೀವು. ದೀಪ ಹಚ್ಚೋ ಹೊತ್ತಲ್ಲಿ ಇವರು ಅಲ್ಲಿದ್ರಾ, ಇರ್ಲಿಲ್ವಾ? ನಿಮ್ಮ ಬಾಯಿಂದ ಬಂದ ಮಾತನ್ನ ನಾನು ನಂಬ್ತೀನಿ."

ತಿರುಮಲೇಶ ಗಿರಿಜಾದೇವಿಯನ್ನು ನೋಡಿದ. ನಿಜ ಹೇಳಿದರೆ ಅವಳು ಉಳಿಯುತ್ತಾಳೆ, ಗುರುಶಾಂತಪ್ಪ ಹೋಗುತ್ತಾನೆ. ಅವಳು ತುಟಿ ಅಲ್ಲಾಡಿಸಲಿಲ್ಲ. ಎರಡು ಕಣ್ಣುಗಳಲ್ಲಿ ಮಾತ್ರ, ಬೇಡ ಎಂದು ಬೇಡಿಕೊಳ್ಳುತ್ತಿದ್ದಳು.

ಅವನು ಗಂಟಲು ಸರಿಮಾಡಿಕೊಂಡ.

"ಇವರಿರ್ಲಿಲ್ಲ ಸಾರ್, ಅಲ್ಲಿ," ಎಂದ. ಆಮೇಲೆ, ಅವಳು ಕಣ್ಣು ಮುಚ್ಚಿಕೊಳ್ಳುವ ಮೊದಲೇ, ಅವಳೂ ಕೇಳಿರದ ಮಾತೊಂದನ್ನು ಸೇರಿಸಿದ: "ಇವರ ಅಕ್ಕನೂ ಇರ್ಲಿಲ್ಲ, ಹರಿಕಥೆಗೂ ಹೋಗಿರ್ಲಿಲ್ಲ."